ಥೋವಾ ಬಿಟ್ಟ ದಾರಿ

ಮೂರನೆಯ ಸಲವೂ ಲ್ಯೂ ಬಲಕ್ಕೇ ತಿರುಗಿದಳು.

ಥೋವಾ ಚೆಂಡನ್ನು ಕಸಿದು ಹಿಂದಕ್ಕೆ ತಳ್ಳಿದಳು. ಆದರೆ ಅವಳ ಕಣ್ಣು ಆ ಹುಡುಗಿಯ ಸೊಂಟದ ಮೇಲಿತ್ತು. ಹದಿನಾರು ವರ್ಷ ಫುಟ್‌ಬಾಲ್ ಮೈದಾನದ ನಡುವೆ, ರಕ್ಷಕರ ಮುಂದೆ ನಿಂತು ಆಡಿದವಳು ಥೋವಾ. ವೇಗವಿರಲಿಲ್ಲ, ಎತ್ತರವೂ ಇರಲಿಲ್ಲ. ಒಟ್ಟು ಹೊಡೆದದ್ದು ನಾಲ್ಕು ಗೋಲು. ಚೆಂಡನ್ನಲ್ಲ, ಎದುರಾಳಿಯ ಸೊಂಟವನ್ನು ನೋಡಿ ಅವಳೆತ್ತ ಹೊರಳುತ್ತಾಳೆಂದು ಮೊದಲೇ ತಿಳಿಯುವುದೊಂದೇ ಅವಳ ವಿದ್ಯೆ. ಆಡಿದ ದಿನ ಯಾರೂ ಅವಳ ಹೆಸರೆತ್ತುತ್ತಿರಲಿಲ್ಲ. ಆಡದ ದಿನ ಸೋತು ಬಂದವರೆಲ್ಲ ಅವಳೆಲ್ಲಿ ಎಂದು ಕೇಳುತ್ತಿದ್ದರು.

ಎಡಕ್ಕೆ ತಿರುಗಬೇಕಾದರೆ ಬಲಗಾಲನ್ನು ಊರಬೇಕು. ಲ್ಯೂ ಅದಕ್ಕೆ ಹೆದರುತ್ತಿದ್ದಳು.

ಅಂದು ಆಯ್ಕೆಯ ದಿನ. ಪ್ರಾಂತ್ಯದ ತಂಡಕ್ಕೆ ಒಬ್ಬಳೇ ಬೇಕಾಗಿತ್ತು. ಹುಡುಗಿಯರನ್ನು ಅಳೆಯಲೆಂದು ತರಬೇತುದಾರ ತ್ವಾನ್ ಮೇಷ್ಟ್ರು ತಮ್ಮ ಹಳೆಯ ಶಿಷ್ಯೆ ಥೋವಾಳನ್ನು ಊರಿನಿಂದ ಕರೆಸಿದ್ದರು. "ನಿನ್ನನ್ನ ದಾಟಿ ಹೋದೋಳು ಯಾರೋ, ಅವಳೇ ನನಗೆ ಸಾಕು" ಎಂದಿದ್ದರು.

ವಿರಾಮದಲ್ಲಿ ಕಾಡುಬಾದಾಮಿ ಮರದ ಕೆಳಗೆ ಥೋವಾ ಲ್ಯೂಳ ಪಕ್ಕಕ್ಕೆ ಹೋಗಿ ನಿಂತಳು.

"ಬಲಮಂಡಿ. ಎಷ್ಟು ದಿನ ಆಯ್ತು?"

ಲ್ಯೂ ಐಸು ಹಾಕಿದ ಚಹಾವನ್ನು ಗಟಗಟ ಕುಡಿದಳು. "ಏನೂ ಇಲ್ಲಕ್ಕ."

"ನನ್ನ ಹತ್ರ ಬೇಡ ಕಣೇ. ಒಳಗೆ ಪಟ್ಟಿ ಕಟ್ಕೊಂಡಿದೀಯ."

ಹುಡುಗಿ ಸುತ್ತ ನೋಡಿದಳು. "ಟೆಟ್ ಹೊಸವರ್ಷದ ಹಬ್ಬದ ಹಿಂದಿನ ವಾರದಿಂದ. ಮೇಷ್ಟ್ರಿಗೆ ಹೇಳ್ಬೇಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಇದೂ ತಪ್ಪಿದ್ರೆ ಅಮ್ಮ ಶೂ ಫ್ಯಾಕ್ಟ್ರಿಗೆ ಕಳಿಸ್ತಾಳೆ. ನಮ್ಮಕ್ಕ ಆಗ್ಲೇ ಅಲ್ಲಿ ಅಂಟು ಹಚ್ತಾ ಕೂತಿದಾಳೆ."

"ಈಗ ನಿಲ್ಲಿಸಿದ್ರೆ ವಾಸಿಯಾಗತ್ತೆ. ಇಲ್ದಿದ್ರೆ ನನ್ನ ಥರ ಆಗ್ತೀಯ. ಅಜ್ಜನ ತಿಥಿ ದಿನ ಮನೆಯೋರೆಲ್ಲ ಚಾಪೆ ಮೇಲೆ ಕೂತು ಉಣ್ತಾರೆ, ನಾನೊಬ್ಳು ಸ್ಟೂಲ್ ಮೇಲೆ. ಹಿರೀಕರ ನೆತ್ತಿ ಮೇಲೆ ಕಾಗೆ ಕೂತ ಹಾಗೆ."

ಲ್ಯೂಗೆ ನಗು ಬಂತು, ತಡೆದುಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ನೀವು ಆಗ ಹೇಳಿದ್ರಾ ಅಕ್ಕ?"

ಥೋವಾ ಹೇಳಿರಲಿಲ್ಲ. ಔಷಧಿ ಅಂಗಡಿಯಿಂದ ತಾನೇ ಇಂಜೆಕ್ಷನ್ ತಂದು, ಕಕ್ಕಸಿನ ಬಾಗಿಲು ಹಾಕಿಕೊಂಡು ಚುಚ್ಚಿಕೊಂಡು, ಆರು ವರ್ಷ ಆಡಿದ್ದಳು. ಅವಳ ಬದುಕಿನ ಒಳ್ಳೆಯ ವರ್ಷಗಳೆಂದರೆ ಆ ಆರೇ.

ಸೀಟಿ ಕೇಳಿಸಿತು.

ಹುಡುಗಿಯ ಬಲಗಡೆಗೆ ಒಂದು ಹೆಜ್ಜೆ ಅಡ್ಡ ಬಂದರೆ ಸಾಕಿತ್ತು. ಅವಳು ಎಡಕ್ಕೆ ತಿರುಗಲಾರದೆ ನಿಂತುಬಿಡುತ್ತಿದ್ದಳು, ಮೇಷ್ಟ್ರಿಗೆ ತಾನಾಗಿಯೇ ತಿಳಿಯುತ್ತಿತ್ತು. ಯಾರೂ ಯಾರ ಮೇಲೂ ಚಾಡಿ ಹೇಳಿದ ಹಾಗಾಗುತ್ತಿರಲಿಲ್ಲ. ಲ್ಯೂ ಚೆಂಡಿನೊಂದಿಗೆ ಬಂದಳು. ಥೋವಾಳ ಕಾಲಿಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿತ್ತು. ಅದನ್ನು ಹಿಡಿದು ನಿಲ್ಲಿಸುವುದೇ ಕಷ್ಟವಾಯಿತು. ಹುಡುಗಿ ಬಲಕ್ಕೆ ಹೊರಳಿ ದಾಟಿದಳು. ಚೆಂಡು ಬಲೆಯೊಳಗೆ. ಐದು ನಿಮಿಷಕ್ಕೆ ಇನ್ನೊಂದು.

"ಏನೇ ಥೋವಾ, ಅಕ್ಕಿಮೂಟೆ ಥರ ನಿಂತ್ಬಿಟ್ಯಲ್ಲ!" ಮೇಷ್ಟ್ರು ನಗುತ್ತಾ ಹಾಳೆಯ ಮೇಲೆ ಲ್ಯೂಳ ಹೆಸರು ಬರೆದುಕೊಂಡರು. "ವಯಸ್ಸಾಯ್ತು ಬಿಡು ನಿನಗೆ."

"ಆಯ್ತು ಮೇಷ್ಟ್ರೇ."

ಉಳಿದ ಹುಡುಗಿಯರು ಸೈಕಲ್ ಹತ್ತಿ ಹೊರಟರು. ಅಮ್ಮನಿಗೆ ಫೋನ್ ಮಾಡಬೇಕೆಂದು ಲ್ಯೂ ತನ್ನ ಚೀಲ ತರಲು ಗ್ಯಾಲರಿ ಹತ್ತಿದಳು. ಕೆಳಗೆ ಬೂಟಿನ ಲಾಡಿ ಬಿಚ್ಚುತ್ತಿದ್ದ ಥೋವಾ ತಲೆ ಎತ್ತಿದಳು. ಮೇಲೆ ಹುಡುಗಿ, ಯಾರೂ ನೋಡುತ್ತಿಲ್ಲವೆಂದುಕೊಂಡು, ಕಂಬಿ ಹಿಡಿದು ಬಲಗಾಲನ್ನು ಕೆಳಗಿನ ಮೆಟ್ಟಿಲಿಗೆ ಇಳಿಸಿದಳು. ಎಡಗಾಲನ್ನು ತಂದು ಅದರ ಪಕ್ಕಕ್ಕಿಟ್ಟಳು. ಮತ್ತೆ ಬಲಗಾಲು. ಇನ್ನೂ ಹದಿನಾಲ್ಕು ಮೆಟ್ಟಿಲುಗಳಿದ್ದವು.