ಸೋದರಮಾವನ ತೊಡೆ

ಕೋಮಲ ಹೆಲ್ಮೆಟ್ಟುಗಳನ್ನು ಒಂದೊಂದಾಗಿ ಮಗುಚಿ, ಒಳಗಿನ ಸ್ಪಂಜನ್ನು ಒದ್ದೆ ಬಟ್ಟೆಯಿಂದ ಒರೆಸಿ, ಕಲ್ಲುಬೆಂಚಿನ ಮೇಲೆ ಬಿಸಿಲಿಗೆ ಇಡುತ್ತಿದ್ದಳು. ನಿನ್ನೆ ಭಾನುವಾರ ಅವನ್ನು ಹಾಕಿಕೊಂಡವರ ಬೆವರು, ಕೊಬ್ಬರಿ ಎಣ್ಣೆಯ ವಾಸನೆ ಇನ್ನೂ ಹೋಗಿರಲಿಲ್ಲ. ಮಕ್ಕಳ ಹೆಲ್ಮೆಟ್ಟುಗಳ ಪಟ್ಟಿಯನ್ನು ಮಾತ್ರ ಎರಡೆರಡು ಸಲ ಎಳೆದು ನೋಡಿದಳು. ಮಾತಾಡಲು ಅಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೂ ಅವಳು ಆಡುತ್ತಿರಲಿಲ್ಲ.

ಸೋಮನಾಥಪುರದ ದೇವಸ್ಥಾನ ನೋಡಲು ಜನ ಬರುವ ರಸ್ತೆಯ ಪಕ್ಕದಲ್ಲೇ ಬಸವಪ್ರಸಾದನ ಹೊಲ. ಅದರಲ್ಲಿ ದಿಬ್ಬ, ತಗ್ಗು ಮಾಡಿಸಿ, ಸುತ್ತ ಹಳೇ ಟೈರು ಹೂಳಿಸಿ ಅವನು ಎಟಿವಿ ಓಡಿಸುವ ಜಾಗ ಮಾಡಿದ್ದ. ದಪ್ಪ ಟೈರಿನ ನಾಲ್ಕು ಚಕ್ರದ ಬೈಕುಗಳು; ಎರಡು ದೊಡ್ಡವರಿಗೆ, ಎರಡು ಮಕ್ಕಳಿಗೆ. ಮಕ್ಕಳ ಗಾಡಿಯ ಹಿಂದೆ ಒಂದು ಕೆಂಪು ದಾರ ಇರುತ್ತದೆ. ಅದನ್ನು ಹಿಡಿದು ಜೊತೆಯಲ್ಲಿ ಓಡುವುದು ಕೋಮಲಳ ಕೆಲಸ. ಮಗು ಅಡ್ಡಾದಿಡ್ಡಿ ಹೋದರೆ ದಾರ ಎಳೆದರಾಯಿತು, ಎಂಜಿನ್ ನಿಂತುಬಿಡುತ್ತದೆ. ದೊಡ್ಡ ಗಾಡಿಗೆ ಅಂಥ ದಾರವಿಲ್ಲ. ಬಲಗೈ ಹಿಡಿಯ ಹತ್ತಿರ ಹೆಬ್ಬೆರಳಿನಿಂದ ಒತ್ತುವ ಪುಟ್ಟ ಲಿವರ್ ಇದೆ. ಒತ್ತಿದಷ್ಟೂ ಗಾಡಿ ಹಾರುತ್ತದೆ.

ಪಾಠ ಒಪ್ಪಿಸಲು ಎದ್ದು ನಿಂತರೆ ಗಂಟಲು ಕಟ್ಟುತ್ತಿದ್ದ ಹುಡುಗಿ ಒಂಬತ್ತನೇ ಕ್ಲಾಸಿಗೇ ಸ್ಕೂಲು ಬಿಟ್ಟಿದ್ದಳು. ಇಲ್ಲಿ ಬಾಯಿಗೆ ಕೆಲಸವಿರಲಿಲ್ಲ, ಕಣ್ಣಿಗಿತ್ತು. ಬಾಯಿಯ ಕೆಲಸವನ್ನೆಲ್ಲ ಪ್ರಸಾದನೇ ನೋಡಿಕೊಳ್ಳುತ್ತಿದ್ದ. ಹೋದ ವಾರ ಮೈಸೂರಿನವರೊಬ್ಬರು ಮಗನನ್ನು ಮುಂದೆ ಕೂರಿಸಿಕೊಂಡು ದೊಡ್ಡ ಗಾಡಿ ಹತ್ತಲು ಹೋದಾಗ ಅವನು ಕೀ ಕಿತ್ತುಕೊಂಡು, “ಒಂದು ಗಾಡಿಗೆ ಒಬ್ರೇ ಸಾ. ನಿಮ್ಮ ಮಗ ನಿಮ್ಗೆ ಭಾರವಾಗಿದ್ರೆ ನಂಗೆ ಕೊಟ್ಬುಟ್ಟು ಓಗಿ, ಸಾಕ್ತೀನಿ” ಅಂದಿದ್ದ. ಅವರು ಸಿಟ್ಟಾಗಿ ಹೊರಟುಹೋಗಿದ್ದರು. ಆ ಮಾತು ನೆನಪಾದಾಗೆಲ್ಲ ಕೋಮಲಳಿಗೆ ಒಳಗೊಳಗೇ ನಗು ಬರುತ್ತಿತ್ತು.

ಮಧ್ಯಾಹ್ನ ಪ್ರಸಾದನ ಕಾರು ಬಂತು. ಅವನ ತಾಯಿ ಸಿದ್ದಲಿಂಗಮ್ಮ, ತಂಗಿ ಚೈತ್ರ, ಚೈತ್ರಳ ಐದು ವರ್ಷದ ಮಗಳು ವಾಣಿ ಇಳಿದರು. ನಂಜನಗೂಡಿನಲ್ಲಿ ಮಗುವಿನ ಮುಡಿ ಕೊಟ್ಟು ಬಂದಿದ್ದರು. ವಾಣಿಯ ಬೋಳು ತಲೆಗೆ ಬಳಿದ ಗಂಧ ಅಲ್ಲಲ್ಲಿ ಒಣಗಿ ಬಿರಿದಿತ್ತು, ಕಿವಿಯ ಹಿಂದೆ ಇನ್ನೂ ಹಸಿ ಇತ್ತು.

“ಸೋದರಮಾವನ ತೊಡೆ ಮ್ಯಾಲೆ ಕುಂತಿದ್ದೇ ಕುಂತಿದ್ದು, ಒಂದು ಕಿತನೂ ಮಿಸುಕಾಡ್ನಿಲ್ಲ ಕಣಮ್ಮಿ ಕೂಸು,” ಅಂದರು ಸಿದ್ದಲಿಂಗಮ್ಮ, ಕೋಮಲಳಿಗೆ ಪ್ರಸಾದದ ಬಾಳೆಹಣ್ಣು ಕೊಡುತ್ತ. “ಪಕ್ಕದಲ್ಲಿದ್ದ ಮಕ್ಳು ಊರೆಲ್ಲ ಕೇಳೋ ಹಂಗೆ ಕಿರುಚ್ತಿದ್ವು.”

“ಮಾವ ಗಾಡೀಲಿ ರೌಂಡ್ ಹೊಡಿಸ್ತೀನಿ ಅಂದ್ರೆ ಯಾಕೆ ಮಿಸುಕಾಡ್ತಾಳೆ,” ಅಂದಳು ಚೈತ್ರ. “ಲಂಚ ಮೊದ್ಲೇ ಮಾತಾಗಿತ್ತು.”

ಕೋಮಲ ಬೇಗ ಹೋಗಿ ಮಕ್ಕಳ ಗಾಡಿಯ ಮೇಲಿನ ಟಾರ್ಪಾಲು ತೆಗೆದು ಕೆಂಪು ದಾರ ಸಿಕ್ಕಿಸಿದಳು. ತಿರುಗಿ ನೋಡಿದರೆ ಪ್ರಸಾದ ದೊಡ್ಡ ಗಾಡಿ ಸ್ಟಾರ್ಟ್ ಮಾಡುತ್ತಿದ್ದ. ವಾಣಿ ಆಗಲೇ ಅವನ ತೊಡೆಯೇರಿದ್ದಳು.

ಕೋಮಲ ಕಲ್ಲುಬೆಂಚಿನ ಹತ್ತಿರ ಓಡಿದಳು. ಮಕ್ಕಳ ಹೆಲ್ಮೆಟ್ ಒಂದನ್ನು ಎತ್ತಿಕೊಂಡು ಹೋಗಿ ಮಗುವಿನ ತಲೆಗಿಟ್ಟಳು. ಕೂದಲಿಲ್ಲದ ತಲೆ, ಮೇಲೆ ಗಂಧ. ಹೆಲ್ಮೆಟ್ ಜಾರಿ ಮೂಗಿನ ಮೇಲೆ ಕೂತಿತು. ಪಟ್ಟಿ ಬಿಗಿದಳು. ಈಗ ಒಂದು ಕಿವಿಗೆ ವಾಲಿತು. ಇನ್ನೊಂದನ್ನು ತಂದಳು, ಅದೂ ಹಾಗೇ.

“ತಂಪಾಗ್ಲಿ ಅಂತ ಗಂಧ ಬಳ್ದಿದ್ರೆ ಅದ್ಯಾನಮ್ಮಿ ಮಡಕೆ ಕವುಚ್ತಿದ್ದೀಯೆ? ತೆಗಿಯೇ,” ಅಂದರು ಸಿದ್ದಲಿಂಗಮ್ಮ.

“ಇರ್ಲಿ ಬುಡವ್ವ, ಫೋಟೋಗೆ ಚೆನ್ನಾಗಿರ್ತದೆ,” ಅಂದ ಪ್ರಸಾದ.

ಕೋಮಲ ಗಾಡಿಯ ಪಕ್ಕದಿಂದ ಸರಿಯಲಿಲ್ಲ. “ಅಣ್ಣ, ಒಬ್ರೇ...” ಅಂದಳು. ಅಷ್ಟೇ ಹೇಳಿ ಮಗುವಿನ ಕಡೆ ಕೈ ತೋರಿಸಿದಳು.

ಅವನಿಗೆ ಅರ್ಥವಾಯಿತು. ನಕ್ಕ. “ನನ್ ರೂಲ್ಸ್ ನಂಗೇ ಏಳ್ಕೊಡ್ತಿಯಲ್ಲಮ್ಮಿ. ಅದು ಬರೋ ಹೋಗೋರಿಗೆ. ಇವ್ಳು ನನ್ನ ತಂಗಿ ಮಗ್ಳು. ಕಿವಿ ಚುಚ್ಚಿಸ್ದಾಗ ಎಲ್ಲಿ ಕುಂತಿದ್ಲು? ಇವತ್ತು ಕತ್ತಿ ತಲೆ ಮ್ಯಾಲೆ ಆಡ್ತಿದ್ದಾಗ ಎಲ್ಲಿ ಕುಂತಿದ್ಲು? ಸೋದರಮಾವನ ತೊಡೆಗಿಂತ ಭದ್ರವಾದ ಜಾಗ ಇದ್ರೆ ತೋರ್ಸು, ಅಲ್ಲಿಗೇ ಕೂರುಸ್ತೀನಿ.”

ಸಿದ್ದಲಿಂಗಮ್ಮನೂ ಚೈತ್ರಳೂ ನಕ್ಕರು. ಕೋಮಲ ಪಕ್ಕಕ್ಕೆ ಸರಿದಳು.

ಮೊದಲ ಸುತ್ತು ಎತ್ತಿನ ಗಾಡಿಯ ಹಾಗೆ ನಿಧಾನವಾಗಿ ಸಾಗಿತು. ಅವನೇನು ಅಜಾಗರೂಕನಲ್ಲ. ಎಡಗೈಯಲ್ಲಿ ಮಗುವನ್ನು ತಬ್ಬಿ ಬಲಗೈಯೊಂದರಲ್ಲೇ ಓಡಿಸುತ್ತಿದ್ದ. ಆದರೆ ಕೋಮಲ ಆ ಬಲಗೈಯನ್ನೇ ನೋಡುತ್ತಿದ್ದಳು. ಟೈರುಗಳ ಆಚೆ ಗಾಡಿಯ ಸಮಕ್ಕೆ ನಡೆದಳು, ಆಮೇಲೆ ಓಡಿದಳು. ಎರಡನೇ ಸುತ್ತಿನಲ್ಲಿ ವಾಣಿ ಎರಡೂ ಕೈಯಿಂದ ಹ್ಯಾಂಡಲ್ ಹಿಡಿದಳು. ಲಿವರಿನ ಮೇಲೆ ಅವನ ಹೆಬ್ಬೆರಳಿನ ಪಕ್ಕ ಇನ್ನೊಂದು ಪುಟ್ಟ ಹೆಬ್ಬೆರಳು ಬಂದು ಕೂತಿತು.

ಕೋಮಲ ಕೂಗಲು ಬಾಯಿ ತೆರೆದಳು. ಅಷ್ಟರಲ್ಲಿ ಗಾಡಿ ಎಗರಿತು. ದಿಬ್ಬವನ್ನು ಓರೆಯಾಗಿ ಏರಿ, ಒಂದು ಕಡೆಯ ಎರಡೂ ಚಕ್ರ ಗಾಳಿಯಲ್ಲಿ ಎದ್ದು, ಇನ್ನೇನು ಮಗುಚಿತು ಅನ್ನುವಾಗ ಪ್ರಸಾದ ಮೈಯೆಲ್ಲ ಆ ಎದ್ದ ಕಡೆಗೆ ಎಸೆದ. ಗಾಡಿ ಧಡ್ಡನೆ ಕೂತು, ಟೈರಿಗೆ ಗುದ್ದಿ ನಿಂತಿತು. ಹೆಲ್ಮೆಟ್ ಹಾರಿ ಮಣ್ಣಿನಲ್ಲಿ ಉರುಳಿತು.

ಆಮೇಲೆ ವಾಣಿ ಅಳತೊಡಗಿದಳು.

ಎಲ್ಲರೂ ಓಡಿ ಬಂದರು. ಗಾಯವಿರಲಿಲ್ಲ. ಸಿದ್ದಲಿಂಗಮ್ಮ ಮಗುವಿನ ಮೈಯೆಲ್ಲ ಸವರಿ, “ಬೆಳಿಗ್ಗೆ ತಾನೆ ಮುಡಿ ಇಸ್ಕಂಡವ್ನೆ ನಂಜುಂಡಪ್ಪ, ಕೈ ಬುಡ್ತಾನಾ,” ಅಂದರು. ಪ್ರಸಾದನ ಮುಖ ಬಿಳಿಚಿತ್ತು. “ಕಲ್ಲು ಸಿಕ್ತು,” ಅಂದ.

“ಕಲ್ಲಲ್ಲ ಅಣ್ಣ, ಪಾಪು ಲಿವರ್ ಒತ್ತುದ್ಲು. ನಾನ್ ನೋಡ್ದೆ.” ಇಷ್ಟು ಉದ್ದದ ಮಾತನ್ನು ಕೋಮಲ ಅವರೆದುರು ಎಂದೂ ಆಡಿರಲಿಲ್ಲ.

“ಕೂಸು ಗಾಡಿ ಓಡುಸ್ತಂತೆ, ಕೇಳ್ದ್ಯಾ ಚೈತ್ರ,” ಅಂದ ಅವನು. ನಗು ಮಾತ್ರ ಸರಿಯಾಗಿ ಬರಲಿಲ್ಲ. ಗಾಡಿಯನ್ನು ಹಿಂದಕ್ಕೆಳೆದು ಮತ್ತೆ ಸ್ಟಾರ್ಟ್ ಮಾಡಿ ನೋಡಿದ. ಎಲ್ಲ ಸರಿಯಿತ್ತು.

ವಾಣಿ ಬಿಕ್ಕುತ್ತಲೇ ಇದ್ದಳು. ಸಿದ್ದಲಿಂಗಮ್ಮ ಅಂದರು: “ಕೂಸು ಬೆಚ್ಬಿದ್ದದೆ ಕಣಪ್ಪ. ಬೆಚ್ಚಿದ್ ಜಾಗದಲ್ಲೇ ಬುಡುಸ್ಬೇಕು. ಹಿಂಗೇ ಮನೆಗೆ ಕರ್ಕೊಂಡೋದ್ರೆ ಭಯ ಒಳಗೇ ಕುಂತ್ಕತದೆ. ಮೆತ್ತಗೆ ಇನ್ನೊಂದು ಸುತ್ತು ಕರ್ಕೊಂಡೋಗು.”

“ಬೇಡ ಕಣವ್ವ, ಸಾಕು,” ಅಂದಳು ಚೈತ್ರ. ಆದರೆ ಅಣ್ಣನ ಮುಖ ನೋಡಿ ಸುಮ್ಮನಾದಳು. ಅವಳು ಬೇಡವೆಂದರೆ ಅಣ್ಣನ ತೊಡೆಯನ್ನೇ ಬೇಡವೆಂದ ಹಾಗಾಗುತ್ತಿತ್ತು.

“ಬಾರವ್ವ ಚಿನ್ನ, ಮಾವ ಇವ್ನಿ,” ಎಂದು ಪ್ರಸಾದ ಕೈ ಚಾಚಿದ. ಮಗು ಕಣ್ಣೊರೆಸಿಕೊಳ್ಳುತ್ತ ಹೋಗಿ ತೊಡೆಯ ಮೇಲೆ ಕೂತಿತು. ಈ ಸಲ ಹೆಲ್ಮೆಟ್ಟಿನ ನೆನಪು ಯಾರಿಗೂ ಆಗಲಿಲ್ಲ. ಕೂತ ತಕ್ಷಣ ವಾಣಿಯ ಎರಡು ಕೈಯೂ ಹ್ಯಾಂಡಲಿಗೆ ಹೋದವು.

ಕೋಮಲಳ ಕಾಲುಗಳು ತಾವಾಗಿಯೇ ನಡೆದವು. ಗಾಡಿಯ ಮುಂದೆ, ದಾರಿಗೆ ಅಡ್ಡವಾಗಿ, ಬಂಪರಿಗೆ ಮಂಡಿ ತಾಗುವಷ್ಟು ಹತ್ತಿರ ಹೋಗಿ ನಿಂತಳು. ಎಂಜಿನ್ನಿನ ನಡುಕ ಮಂಡಿಯಿಂದ ಮೇಲಕ್ಕೆ ಹತ್ತಿತು. ಪ್ರಸಾದ ಹಾರನ್ ಒತ್ತಿದ. ಸಿದ್ದಲಿಂಗಮ್ಮ ಬಾಯಿಗೆ ಸೆರಗು ಹಿಡಿದರು. ಚೈತ್ರ ನೆಲ ನೋಡಿದಳು. ಕೋಮಲ ಎರಡೂ ಕೈ ಚಾಚಿದಳು.

“ಅಣ್ಣ, ಪಾಪೂನ ನನ್ ಕೈಗೆ ಕೊಡಿ.”