ಒಂದು ತೋಳು ಉದ್ದ

“ಬಳೆ ಒಡೀಲಾ, ಬಿಡಲಾ? ಬೇಗ ಹೇಳ್ರಪ್ಪಾ, ನೀರು ಆರ್ತಾ ಇದೆ,” ಎಂದು ಪ್ರೀತೋ ಮುದುಕಿ ಕೂಗಿದಳು. ಅಂಗಳದ ಮೂಲೆಯಲ್ಲಿ ಎರಡು ಮಂಚಗಳನ್ನು ನೆಟ್ಟಗೆ ನಿಲ್ಲಿಸಿ ಬಟ್ಟೆ ಹೊದಿಸಿದ್ದರು. ಅದರ ಮರೆಯಲ್ಲಿ ಹೆಂಗಸರು ಧನ್ನ ಕೌರಳ ಹೆಣಕ್ಕೆ ಸ್ನಾನ ಮಾಡಿಸುತ್ತಿದ್ದರು.

ಈಚೆ ಜಾಲಿಯ ಕಟ್ಟಿಗೆ ಸೀಳುತ್ತಿದ್ದ ಮೈದುನ ಬಖ್ತಾವರ ಸಿಂಗನ ಕೊಡಲಿ ನಿಂತಿತು.

“ಕೇಳೋದೇನು? ಒಡಿ,” ಎಂದ ಧನ್ನಳ ತಮ್ಮ ನಾಜರ. ತೌರಿನಿಂದ ಬರಬೇಕಾದ ಹೆಣದ ಬಟ್ಟೆಯನ್ನು ಅವನು ತಂದಿದ್ದ. ಬಿಳಿಯದು. “ಯುದ್ಧ ಮುಗಿದು ನಲವತ್ತೈದು ವರ್ಷ ಆಯ್ತು. ಭಾವ ಸತ್ತ ಅಂತ ಸರ್ಕಾರವೇ ಬರೆದುಕೊಟ್ಟಿದೆ. ಇನ್ನೂ ಮುತ್ತೈದೆ ಅಂತ ಕೆಂಪು ಉಡಿಸಿ ಊರ ಬಾಯಿಗೆ ಬೀಳೋದಾ?”

“ಹಾಗಾದ್ರೆ ನಿನ್ನ ಸರ್ಕಾರವೇ ಬಂದು ಬೆನ್ನುಜ್ಜಲಿ!” ಪ್ರೀತೋ ಮಂಚದ ಮೇಲಿಂದ ಇಣುಕಿದಳು. “ಜೀವ ಇರೋವಾಗ ಇವಳ ಬಳೆ ತಂಟೆಗೆ ಬರೋ ಧೈರ್ಯ ಇರ್ಲಿಲ್ಲ ನಿಂಗೆ. ಈಗ ಗಂಡಸಾದ್ಯಾ?”

ಗಡಿಯ ಗೇಟಿನಲ್ಲಿ ಕೈದಿಗಳನ್ನು ಬಿಡುವ ದಿನವನ್ನು ಧನ್ನ ಒಮ್ಮೆಯೂ ತಪ್ಪಿಸಿದವಳಲ್ಲ. ಗಂಡ ಮೇವಾ ಸಿಂಗನ ಫೋಟೋವನ್ನು ಬಂದವರಿಗೆಲ್ಲ ತೋರಿಸುತ್ತಿದ್ದಳು. ಫೋಟೋದ ಸಿಪಾಯಿಗೆ ಇಪ್ಪತ್ತೆರಡೇ ವರ್ಷ. ಕೊನೆಕೊನೆಗೆ ಜನ, “ಮೊಮ್ಮಗನೇನಜ್ಜಿ?” ಎಂದು ಕೇಳುತ್ತಿದ್ದರು.

ನಾಜರ ಬಖ್ತಾವರನ ಕಡೆ ತಿರುಗಿದ. “ಗಂಡನ ಮನೆಯವನು ನೀನು. ಗುರುವಿನ ಆಣೆಯಿಟ್ಟು ಹೇಳು. ನಿಮ್ಮಣ್ಣ ಬದುಕಿದಾನಾ?”

*

ಮೇವಾ ಸಿಂಗ ಸೆರೆ ಸಿಕ್ಕಿದ್ದನ್ನು ಜೊತೆಯವರು ಕಣ್ಣಾರೆ ಕಂಡಿದ್ದರು. ಎರಡೂ ಕಡೆಯ ಕೈದಿಗಳು ಅದಲುಬದಲಾದಾಗ ಮಾತ್ರ ಪಟ್ಟಿಯಲ್ಲಿ ಅವನ ಹೆಸರಿರಲಿಲ್ಲ. ಮೂರನೆಯ ವರ್ಷ ಅವನ ಅಪ್ಪ ಬಂಧುಗಳನ್ನು ಕೂಡಿಸಿದ. ಸೊಸೆ ಮನೆಯಲ್ಲೇ ಉಳಿಯಲಿ, ಮೈದುನನೊಡನೆ ಚಾದರ ಹೊದಿಸಿಬಿಡೋಣ ಎಂದರು. ಇಬ್ಬರ ತಲೆಯ ಮೇಲೆ ಒಂದೇ ಚಾದರ. ಕೂಡಿಕೆಗೆ ಅಷ್ಟೇ ಶಾಸ್ತ್ರ. ಧನ್ನ ಎದ್ದು ಆ ಚಾದರವನ್ನು ನಾಲ್ಕು ಮಡಿಕೆ ಮಾಡಿ ಮಾವನ ಕಾಲ ಬಳಿ ಇಟ್ಟಳು.

“ಅವರು ಬರ್ತಾರೆ,” ಎಂದಳು.

ಬಖ್ತಾವರ ತಲೆ ತಗ್ಗಿಸಿ ಕೂತಿದ್ದ. ಆಮೇಲೆ ಬಂದ ಹೆಣ್ಣುಗಳಲ್ಲಿ ಯಾವುದೂ ಅವನಿಗೆ ಒಪ್ಪಿಗೆಯಾಗಲಿಲ್ಲ.

*

ಅದಾಗಿ ಹದಿನೇಳು ವರ್ಷಕ್ಕೆ, ಬಖ್ತಾವರ ಗೋಧಿಗೆ ನೀರು ಕಟ್ಟುತ್ತಿದ್ದಾಗ ಒಬ್ಬ ಅಪರಿಚಿತ ಬಂದ. ಎಮ್ಮೆ ಹುಡುಕುತ್ತ ಗಡಿಯ ಹೊಳೆ ದಾಟಿ ಹನ್ನೆರಡು ವರ್ಷ ಆಚೆಯ ಜೈಲಿನಲ್ಲಿ ಕಳೆದವನು. ಚೀಲದಿಂದ ಒಂದು ಸ್ವೆಟರು ತೆಗೆದ. ಎಡತೋಳು ಬಲತೋಳಿಗಿಂತ ನಾಲ್ಕು ಬೆರಳು ಉದ್ದ. ಮದುವೆಯಾದ ವರ್ಷ ಧನ್ನ ಎಣಿಕೆ ತಪ್ಪಿ ಹೆಣೆದದ್ದು. ಬಂದೂಕು ಹಿಡಿಯೋ ಕೈಗೆ ಚಳಿಯಾಗಬಾರದಂತೆ ಎಂದು ಅಣ್ಣ ಊರೆಲ್ಲ ಹೇಳಿಕೊಂಡು ಮೆರೆದಿದ್ದ.

“ಮಾಘದಲ್ಲಿ ಇದನ್ನ ಬಿಚ್ಚಿ ನಂಗೆ ಕೊಟ್ಟ,” ಎಂದ ಬಂದವನು. “ನಂಗಿನ್ನು ಚಳಿ ಇಲ್ಲ, ನೀನು ಹಾಕ್ಕೋ ಅಂದ. ಬೆಳಗ್ಗೆ ಮುಟ್ಟಿ ನೋಡಿದ್ರೆ ಹೋಗ್ಬಿಟ್ಟಿದ್ದ. ಮನೆಯಾಕೆಗೆ ನೀನೇ ಹೇಳಣ್ಣ, ನನ್ನ ಕೈಲಾಗಲ್ಲ.”

ಬಖ್ತಾವರ ಸ್ವೆಟರನ್ನು ಮುಖಕ್ಕೊತ್ತಿಕೊಂಡು ಅತ್ತ. ಆ ಅಳುವಿನ ನಡುವೆಯೇ ಮಡಿಚಿಟ್ಟ ಚಾದರ ನೆನಪಾಯಿತು. ಒಂದು ಗಳಿಗೆ, ಒಂದೇ ಗಳಿಗೆ, ಅವನಿಗೆ ಸಂತೋಷವಾಯಿತು. ಆಗಲೇ ತನ್ನ ಮೇಲೆ ತನಗೆ ಹೇಸಿಗೆ ಹುಟ್ಟಿತು. ಈ ಬಾಯಿಂದ ಆ ಸುದ್ದಿ ಹೇಗೆ ಹೇಳುವುದು? ಸ್ವೆಟರನ್ನು ಮೇವಿನ ಕೋಣೆಯ ತೊಲೆಯ ಸಂದಿಗೆ ತುರುಕಿ ಮನೆಗೆ ಹೋದ.

“ಆ ಕಡೆಯಿಂದ ಯಾರೋ ಬಂದಿದ್ದರಂತೆ?” ರೊಟ್ಟಿ ತಟ್ಟುತ್ತಿದ್ದ ಧನ್ನ ಕೇಳಿದಳು.

“ಹೂಂ ಅತ್ತಿಗೆ. ಅಣ್ಣನ್ನ ಕಂಡಿದ್ದನಂತೆ.”

“ಹೇಗಿದಾರಂತೆ?”

“ಚೆನ್ನಾಗಿದಾರಂತೆ.”

ಅವತ್ತು ಅವಳು ಹೊಸ ಬಳೆ ತೊಟ್ಟಳು, ಬೆಲ್ಲದನ್ನ ಮಾಡಿದಳು. “ಒಳ್ಳೇ ಸುದ್ದಿ ತಂದ ಬಾಯಿ, ಇನ್ನೊಂಚೂರು ತಿನ್ನೋ,” ಎಂದು ಮತ್ತೆ ಬಡಿಸಿದಳು. ಅವನು ತಿಂದ. ಆ ಒಂದು ಮಾತಿನ ಮೇಲೆ ಅವಳು ಇನ್ನೂ ಇಪ್ಪತ್ತೈದು ವರ್ಷ ಗೇಟಿನಲ್ಲಿ ನಿಂತಳು.

*

“ಹೇಳೋ,” ಎಂದ ನಾಜರ.

“ಗುರುವಿನ ಆಣೆ,” ಎಂದ ಬಖ್ತಾವರ. ಕೊಡಲಿಯ ಕಾವನ್ನು ಬಿಗಿಯಾಗಿ ಹಿಡಿದಿದ್ದ. “ಬದುಕಿದಾನೆ. ಕೆಂಪು ಉಡಿಸಿ.”

ನಾಜರ ಬಿಳಿ ಬಟ್ಟೆಯನ್ನು ಸುತ್ತಿಟ್ಟ. ಪ್ರೀತೋ ಟ್ರಂಕಿನಿಂದ ಮದುವೆಯ ಕೆಂಪು ಓಢಣಿ ತೆಗೆದಳು. ಬಳೆಗಳು ಕೈಯಲ್ಲೇ ಉಳಿದವು.

ಬಖ್ತಾವರ ಮೇವಿನ ಕೋಣೆಗೆ ಹೋಗಿ ಒಂದು ಗಂಟು ಕಂಕುಳಲ್ಲಿಟ್ಟುಕೊಂಡು ಬಂದ. ಸುಡುಗಾಡಿನಲ್ಲಿ ಹೆಣವನ್ನು ಚಿತೆಗಿಟ್ಟಾಗ ಅತ್ತಿಗೆಯ ತಲೆಯನ್ನು ಮೆಲ್ಲಗೆ ಎತ್ತಿ ಗಂಟನ್ನು ಅಡಿಗಿಟ್ಟ.

“ಏನದು?” ಎಂದ ನಾಜರ.

“ಕಟ್ಟಿಗೆ ಒತ್ತುತ್ತೆ.”

“ಸತ್ತವರಿಗೆ ಏನು ಒತ್ತೋದು, ಹುಚ್ಚಪ್ಪ,” ಎನ್ನುತ್ತ ನಾಜರ ಕಣ್ಣೊರೆಸಿಕೊಂಡ.

ಬಖ್ತಾವರನೇ ಬೆಂಕಿಯಿಟ್ಟ. ಬೆರಣಿ ಹತ್ತಿತು, ಜಾಲಿ ಸಿಡಿಯಿತು. ತಂತಿಬೇಲಿಯ ಕಡೆಯಿಂದ ಬೀಸಿದ ಗಾಳಿಗೆ ಹೊಗೆ ಜನರ ಮೇಲೆ ತಿರುಗಿತು.

ನಾಜರ ಮೂಗರಳಿಸಿದ. “ಉಣ್ಣೆ ಸುಟ್ಟ ವಾಸನೆ. ಯಾರದೋ ಕಂಬಳಿಗೆ ಕಿಡಿ ಹಾರಿದೆ, ನೋಡ್ಕೊಳ್ರೋ!”

ಎಲ್ಲರೂ ಹೊದ್ದದ್ದನ್ನು ಕೊಡವಿ ನೋಡಿಕೊಂಡರು. ಬಖ್ತಾವರನೂ ತನ್ನ ಕಂಬಳಿಯ ಅಂಚನ್ನು ಕೈಗೆತ್ತಿಕೊಂಡು, ಮಗುಚಿ ಮಗುಚಿ, ಬಹಳ ಹೊತ್ತು ಹುಡುಕಿದ.