ಹದಿನೇಳು ನಂಬರ್ ಸ್ಪ್ಯಾನರ್

ಟಿಣ್, ಟಿಣ್, ಲೋಟದಲ್ಲಿ ಚಮಚ ತಿರುಗುತ್ತಿದೆ, ಸಕ್ಕರೆ ಆಗಲೇ ಕರಗಿದೆ, ಮಗಳು ಮಾತ್ರ ಏನೋ ಹೇಳುತ್ತಾ ತಿರುಗಿಸುತ್ತಲೇ ಇದ್ದಾಳೆ, ಸಾಕು ನಿಲ್ಲಿಸಮ್ಮ ಎಂದು ಕಿರುಚಬೇಕು ಅನ್ನಿಸುತ್ತದೆ ಅವನಿಗೆ, ಕಿರುಚಿದರೆ ಏನಾಯ್ತಪ್ಪಾ ಅಂತಾಳೆ, ಏನಾಯ್ತು ಅಂತ ಹೇಳುವುದು, ಎಂಟು ತಿಂಗಳ ಬಸುರಿಗೆ, ನಿನ್ನ ಗಂಡ ಹೋಗಿರುವ ಜಲಾಂತರ್ಗಾಮಿಯ ಪಕ್ಕೆಯೊಳಗೆ ನಿನ್ನಪ್ಪ ಒಂದು ಸ್ಪ್ಯಾನರ್ ಬಿಟ್ಟು ಬಂದಿದ್ದಾನೆ ಅಂತಲೇ — ಹದಿನೇಳು ನಂಬರಿನದು, ಗೇಣುದ್ದದ್ದು, ಹೊರಚಿಪ್ಪಿಗೂ ಒಳಚಿಪ್ಪಿಗೂ ನಡುವೆ, ಸಮುದ್ರದ ನೀರು ತುಂಬಿಕೊಳ್ಳುವ ಆ ಇಕ್ಕಟ್ಟಿನಲ್ಲಿ, ಕತ್ತಲಲ್ಲಿ ಮಲಗಿದೆ. ಕಾಫಿ ತಗೋ ಅಪ್ಪಾ, ಆರುತ್ತೆ. ಗೋಡೆಯ ಮೇಲೆ ಆ ಫೋಟೊ, ದುರಸ್ತಿ ಮುಗಿದ ದಿನದ್ದು, ಮೂರು ವರ್ಷ ದುಡಿದ ಫಿಟ್ಟರುಗಳು ಮುಂದೆ ಕೂತಿದ್ದಾರೆ, ಹಿಂದೆ ನೌಕಾಪಡೆಯವರು ನಿಂತಿದ್ದಾರೆ, ಅವರ ನಡುವೆ ಅಳಿಯ, ಹಲ್ಲು ಬಿಟ್ಟುಕೊಂಡು, ಮಾವನ ಹೆಗಲ ಮೇಲೆ ಕೈ — ಆ ಫೋಟೊ ತೆಗೆಯಲು ಬಂದವನೇ ಎಲ್ಲ ಕೆಡಿಸಿದ್ದು, ಅಲ್ಲ, ಅವನ ಮೇಲೆ ಯಾಕೆ ಹಾಕಬೇಕು, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಆವತ್ತು ಇವನು ಆ ಇಕ್ಕಟ್ಟಿನಲ್ಲಿ ಬೋರಲು ಮಲಗಿ ಕೊನೆಯ ಪೈಪಿನ ಪಟ್ಟಿ ಬಿಗಿಯುತ್ತಿದ್ದ, ಅಲ್ಲಿಗೆ ಇಳಿಯುವವರು ಸ್ಪ್ಯಾನರಿಗೆ ದಾರ ಕಟ್ಟಿ ಮಣಿಕಟ್ಟಿಗೆ ಸುತ್ತಿಕೊಳ್ಳಬೇಕು, ಹೊಸಬರಿಗೆಲ್ಲ ಬೈದು ಬೈದು ಕಲಿಸಿದವನು ಅವನೇ, ದಾರ ಬೋಲ್ಟಿಗೆ ಸಿಕ್ಕಿಕೊಳ್ಳುತ್ತಿತ್ತು, ಒಂದೇ ಒಂದು ನಿಮಿಷ ಅಂತ ಬಿಚ್ಚಿದ, ಅಷ್ಟರಲ್ಲಿ ಮೇಲಿಂದ ಫೋರ್‌ಮನ್ನನ ಕೂಗು, ಏಯ್ ದೊಡ್ಡಣ್ಣ, ಬಾರೋ ಬೇಗ, ನೀನಿಲ್ದೆ ಫೋಟೊ ಬೇಡ್ವಂತೆ, ನಿನ್ನಳಿಯ ಹಟ ಹಿಡಿದಿದಾನೆ. ತಲೆ ಬಾಚಿಕೊಂಡು ಓಡಿದ.

ಸಂಜೆ ಸಲಕರಣೆಗಳ ಹಲಗೆಯ ಮೇಲೆ ಹದಿನೇಳರ ಜಾಗ ಖಾಲಿ. ಪ್ರತಿಯೊಂದಕ್ಕೂ ಅಲ್ಲಿ ಕೆಂಪು ಬಣ್ಣದಲ್ಲಿ ಆಕಾರ ಬರೆದಿರುತ್ತದೆ, ಒಂದು ಖಾಲಿ ಉಳಿದರೂ ಯಾರೂ ಮನೆಗೆ ಹೋಗುವಂತಿಲ್ಲ, ಹಡಗು ಅಲುಗುವಂತಿಲ್ಲ, ಚಿಪ್ಪಿನ ತಗಡುಗಳನ್ನು ಮತ್ತೆ ಬಿಚ್ಚಿ ಹುಡುಕಬೇಕು — ಆದರೆ ಅವನಿಗೆ ಖಾತ್ರಿ ಇತ್ತು, ಬರುವಾಗ ಬೆಂಚಿನ ಮೇಲೆ ಇಟ್ಟಿದ್ದೆ, ಹಿಂದಕ್ಕೆ ಬಿದ್ದಿದೆ, ಆ ಬೆಂಚು ಸರಿಸಲು ಹತ್ತು ಜನ ಬೇಕು, ಇವತ್ತು ಬೇಡ, ಎಲ್ಲರೂ ಖುಷಿಯಲ್ಲಿದ್ದಾರೆ, ಸ್ಕೂಟರಿನ ಡಿಕ್ಕಿಯಲ್ಲಿದ್ದ ತನ್ನದೇ ಹದಿನೇಳನ್ನು ತಂದು ತೂಗುಹಾಕಿದ, ಕೆಂಪು ಆಕಾರ ತುಂಬಿತು. ನಿನ್ನೆ ಸುಣ್ಣಬಣ್ಣಕ್ಕೆಂದು ಬೆಂಚು ಸರಿಸಿದರು, ಹಿಂದೆ ಧೂಳು, ಒಂದು ವಾಶರ್, ಸತ್ತ ಜಿರಳೆ, ಅಷ್ಟೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು, ಮಾನ ಹಾಳಾಗಿ ಹೋಗಲಿ, ಬೆಳಿಗ್ಗೆ ಫೋರ್‌ಮನ್ನನ ಮುಂದೆ ಎಲ್ಲ ಕಕ್ಕಿದ, ಹಡಗು ಹೋಗಿ ಹನ್ನೊಂದು ದಿನ ಆಯ್ತಲ್ಲೋ ಪುಣ್ಯಾತ್ಮ, ಈಗ ಹೇಳ್ತಿದೀಯಾ, ದೊಡ್ಡ ಸಾಹೇಬರ ಕೋಣೆಗೆ ಎಳೆದುಕೊಂಡೇ ಹೋದ, ಸಾಹೇಬರು ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು, ನೀರಿಗಿಳಿಸಿ ಪರೀಕ್ಷೆ ಮಾಡಿದಾಗ ಏನೂ ಸದ್ದು ಬರ್ಲಿಲ್ವಲ್ರೀ, ಬರ್ಲಿಲ್ಲ ಸಾರ್, ಎಲ್ಲೋ ಸಿಕ್ಕಿಕೊಂಡಿರಬಹುದು, ಹಡಗು ವಾಲಿದಾಗ ಜಾರಿದರೆ — ಒಂದಂಗುಲ, ಮತ್ತೆ ಒಂದಂಗುಲ — ಸಂದೇಶ ಕಳಿಸ್ತೀವಿ, ಆದ್ರೆ ಮೇಲೆ ಬಂದು ಆಂಟೆನಾ ಎತ್ತಿದ್ರೆ ತಾನೇ ಅವರಿಗೆ ಸಿಗೋದು, ಸಿಕ್ಕಿದ್ರೂ ಉತ್ತರ ಕೊಡಲ್ಲ, ಕೊಟ್ರೆ ಎಲ್ಲಿದಾರೆ ಅಂತ ಗೊತ್ತಾಗಿಬಿಡುತ್ತೆ. ಹಳೇ ಬ್ಯಾಟರಿ ಇದ್ದಾಗ ದಿನಕ್ಕೊಮ್ಮೆಯಾದರೂ ಮೇಲೆ ಬರಬೇಕಿತ್ತು, ಗಾಳಿಯ ಕೊಳವೆ ನೀರಿನಾಚೆ ಎತ್ತಿ, ಡೀಸೆಲ್ ಎಂಜಿನ್ ಓಡಿಸಿ ಚಾರ್ಜ್ ಮಾಡಿಕೊಳ್ಳಬೇಕಿತ್ತು, ಹೊಸವು ಎಷ್ಟೋ ದಿನ ಬರುತ್ತವೆ, ಒಂದೊಂದನ್ನೂ ಕೂಸನ್ನು ಮಲಗಿಸುವ ಹಾಗೆ ಒಳಗಿಳಿಸಿದ್ದು ಇವನೇ, ಕೆಲಸ ಎಷ್ಟು ಚೆನ್ನಾಗಿ ಮಾಡಿದನೋ ಹಡಗು ಅಷ್ಟು ದಿನ ಕೈಗೆ ಸಿಗುವುದಿಲ್ಲ. ನೀವು ಮನೆಗೆ ಹೋಗ್ರೀ ಅಂದರು ಸಾಹೇಬರು.

ಅಪ್ಪಾ, ಕೇಳ್ತಿದೀಯಾ, ಮಗಳು ನಗುತ್ತಿದ್ದಾಳೆ, ನಿನ್ನಳಿಯ ಮನೇಲೂ ಬೆಕ್ಕಿನ ಹಾಗೆ ನಡೀತಾರೆ, ಯಾವಾಗ ಬಾಗಿಲು ಹಾಕಿದ್ರು ಅಂತಾನೇ ಗೊತ್ತಾಗಲ್ಲ, ಅಲ್ಲಿ ಅಡುಗೆಯವರು ಸೌಟಿಗೂ ಬಟ್ಟೆ ಸುತ್ತುತಾರಂತೆ, ಸೀನು ಬಂದ್ರೆ ದಿಂಬಿಗೆ ಮುಖ ಒತ್ಕೋಬೇಕಂತೆ — ಅದೇ ತಾನೇ ಅವರ ಕೆಲಸ, ಆ ಕಡೆಯವರ ಹಡಗುಗಳು ಓಡಾಡುವ ದಾರಿಯಲ್ಲಿ ಉಸಿರು ಬಿಗಿಹಿಡಿದು ಕೂತು ಕೇಳುವುದು, ರೇಡಿಯೊದಲ್ಲಿ ಮೂರು ದಿನದಿಂದ ಬರೀ ಯುದ್ಧದ ಮಾತು, ಅಳಿಯ ಹೆಡ್‌ಫೋನ್ ಹಾಕಿಕೊಂಡು ಕೇಳುವವನು, ಸೀಗಡಿ ಚಿಟಿಕೆ ಹೊಡೆದ್ರೂ ಗೊತ್ತಾಗುತ್ತೆ ಮಾವ ಅಂತ ಬಡಾಯಿ ಕೊಚ್ಚುತ್ತಿದ್ದ, ಆಮೇಲೆ ಮೆತ್ತಗೆ, ಅವರಿಗೂ ಕಿವಿ ಇದೆ ಮಾವ, ಮೊದಲು ಸದ್ದು ಮಾಡಿದವರ ಕಥೆ ಮುಗೀತು. ಹೋಗುವಾಗ ಹೇಳಿದ್ರು ಅಪ್ಪಾ, ಹೆದರಬೇಡ ಕಣೇ, ಈ ಸಲ ಮಾವನ ಕೈ ಬಿದ್ದಿರೋ ಹಡಗು ಅಂತ. ಕೈ, ಈ ಕೈ, ದಾರ ಬಿಚ್ಚಿದ ಕೈ, ಮೊಣಕಾಲುಗಳ ನಡುವೆ ಹುದುಗಿಸಿಕೊಳ್ಳುತ್ತಾನೆ. ಸದ್ದು ಬಂದರೆ ಮೊದಲು ಕೇಳಿಸುವುದು ಅಳಿಯನಿಗೇ. ಏನದು ಅಂತ ಹೆಡ್‌ಫೋನ್ ಒತ್ತಿಕೊಳ್ಳುತ್ತಾನೆ, ದೂರದ್ದಲ್ಲ, ನಮ್ಮದೇ ಮೈಯಿಂದ ಬರುತ್ತಿದೆ, ಗೋಡೆಯಾಚೆ ಒಂದು ಮೊಳ, ಕೈ ಚಾಚಿದರೆ ಸಿಗುವಷ್ಟು, ಆದರೆ ನಡುವೆ ಉಕ್ಕಿದೆ, ನೀರಿದೆ, ಅಲ್ಲಿಗೆ ಯಾರೂ ಹೋಗಲಾರರು, ಕಬ್ಬಿಣಕ್ಕೆ ಕಬ್ಬಿಣ ತಾಗುವ ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು, ಮಾವ ಅಂಗಳದಲ್ಲಿ ಸ್ಕೂಟರ್ ಬಿಚ್ಚಿದಾಗೆಲ್ಲ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಎಷ್ಟು ಸಲ ಎತ್ತಿಕೊಟ್ಟಿಲ್ಲ, ಸ್ಪ್ಯಾನರ್ ಅಂತ ತಿಳಿಯುತ್ತದೆ, ಯಾರು ಬಿಟ್ಟದ್ದು ಅಂತಲೂ ತಿಳಿಯುತ್ತದೆ, ತಿಳಿದು, ಯಾರಿಗೂ ಹೇಳದೆ ಕೂತಿರುತ್ತಾನೆ, ಅಂಥವನು ಅವನು. ಇನ್ನೊಂಚೂರು ಹಾಕಲಾ ಅಪ್ಪಾ. ಬೇಡಮ್ಮ. ಹಡಗು ಮೆಲ್ಲಗೆ ಬಲಕ್ಕೆ ವಾಲುತ್ತದೆ, ಕತ್ತಲ ನೀರಿನಲ್ಲಿ ಹದಿನೇಳು ನಂಬರ್ ಸ್ಪ್ಯಾನರ್ ಒಂದಂಗುಲ ಜಾರುತ್ತದೆ, ನಿಲ್ಲುತ್ತದೆ, ಹಡಗು ಇನ್ನೊಂಚೂರು ವಾಲುತ್ತದೆ, ಒಂದಂಗುಲ —